ಚೆರ್ರಿ ಬ್ಲಾಸಮ್ ಮಾರ್ಕೆಟ್‌ನಲ್ಲಿ ಮುಗ್ಗರಿಸುತ್ತಿದ್ದ ಕಂಪ್ಯೂಟರ್

ಸೈಬರ್‌ಪಂಕ್ 2077 ಎಂಬ ಕಂಪ್ಯೂಟರ್ ಆಟ ಆಡಿದವರಿಗೆ ಜಪಾನ್‌ಟೌನಿನ ಚೆರ್ರಿ ಬ್ಲಾಸಮ್ ಮಾರ್ಕೆಟ್ ಗೊತ್ತೇ ಇರುತ್ತದೆ. ಒತ್ತೊತ್ತಾಗಿ ಅಂಗಡಿಗಳು, ತಿಂಡಿ ಗಾಡಿಗಳ ಹೊಗೆ, ತಲೆ ಮೇಲೆ ನಿಯಾನ್ ಬೋರ್ಡುಗಳು, ಮೈಗೆ ಮೈ ತಾಗುವಷ್ಟು ಜನ. ಅಲ್ಲಿಗೆ ಕಾಲಿಟ್ಟ ಕೂಡಲೇ ನನ್ನ ಕಂಪ್ಯೂಟರ್ ತಡವರಿಸುತ್ತಿತ್ತು. ಊರಾಚೆಯ ಬಯಲಿನಲ್ಲಿ ಬೈಕ್ ಓಡಿಸುವಾಗ ಏನೂ ತೊಂದರೆ ಇಲ್ಲ, ನೀರು ಹರಿದ ಹಾಗೆ ಹೋಗುತ್ತಿತ್ತು. ಮಾರ್ಕೆಟ್‌ಗೆ ಬಂದರೆ ಮಾತ್ರ ಮುಗ್ಗರಿಸುವುದು. ಎರಡು ವರ್ಷ ಹಣ ಕೂಡಿಸಿ ಜೋಡಿಸಿದ ಯಂತ್ರ ಅದು. ಅದು ಹಾಗೆ ಒದ್ದಾಡುವುದನ್ನು ನೋಡುವಾಗ ಬೇಜಾರಾಗುತ್ತಿತ್ತು.

ಕಾರಣ ಸಿಕ್ಕಿದ ಮೇಲೆ ಬರೆದಿಡಬೇಕು ಅನ್ನಿಸಿತು. ನಮ್ಮ ಕಾಸರಗೋಡಿನ ಕಡೆ ಮಕ್ಕಳು ಇಂಥದ್ದಕ್ಕೆಲ್ಲ ಮಲಯಾಳ ವಿಡಿಯೊ ನೋಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನಾನೂ ನೋಡಿದ್ದೇನೆ. ಆದರೆ ಕನ್ನಡದಲ್ಲಿ ಓದಲು ಇಂಥದ್ದು ಒಂದಾದರೂ ಇರಲಿ ಅಲ್ವಾ?

ನಮ್ಮ ಮನೆ ಬದಿಯಡ್ಕದ ಹತ್ತಿರ. 2023ರ ಜುಲೈಯಲ್ಲಿ, ಇನ್ನೇನು ಆಟಿ ತಿಂಗಳು ಶುರುವಾಗಬೇಕು ಅನ್ನುವಾಗ, ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಒಂದು ಅಂಗಡಿಯಲ್ಲಿ ಜೋಡಿಸಿಕೊಂಡು ಬಂದೆ. ಪ್ರೊಸೆಸರ್ ಎಎಂಡಿ ರೈಜನ್ 5 5600. ಆರು ಕೋರ್, ಹನ್ನೆರಡು ಥ್ರೆಡ್, 4.4 ಗಿಗಾಹರ್ಟ್ಸ್ ವರೆಗೆ ಏರುತ್ತದೆ. ಗ್ರಾಫಿಕ್ಸ್ ಕಾರ್ಡ್ ಎನ್‌ವಿಡಿಯಾ ಆರ್‌ಟಿಎಕ್ಸ್ 3060, 12 ಜಿಬಿಯದ್ದು. ಜೊತೆಗೆ 16 ಜಿಬಿ ಡಿಡಿಆರ್4 ರ್‍ಯಾಮ್, ಎನ್‌ವಿಎಂಇ ಎಸ್‌ಎಸ್‌ಡಿ, 1080ಪಿ (1920×1080 ಚುಕ್ಕಿಗಳ) ಮಾನಿಟರ್. ಕಾರ್ಡ್ ಮಾರುಕಟ್ಟೆಗೆ ಬಂದದ್ದು 2021ರ ಫೆಬ್ರವರಿಯಲ್ಲಿ, ಪ್ರೊಸೆಸರ್ 2022ರ ಏಪ್ರಿಲ್‌ನಲ್ಲಿ. ಸ್ವಲ್ಪ ಹಳೆಯದಾದ ಕಾರಣವೇ ನನ್ನ ಕೈಗೆಟಕಿತು.

ಮೊದಲ ಎರಡು ತಿಂಗಳು ಚೆನ್ನಾಗಿಯೇ ಇತ್ತು. ಸೆಪ್ಟೆಂಬರ್‌ನಲ್ಲಿ ಆಟಕ್ಕೆ 2.0 ಅಪ್‌ಡೇಟ್ ಬಂತು, ಹಿಂದೆಯೇ ಫ್ಯಾಂಟಮ್ ಲಿಬರ್ಟಿ ಎಂಬ ಹೆಚ್ಚುವರಿ ಭಾಗ ಬಂತು. ಆಟ ಮೊದಲಿಗಿಂತ ಭಾರವಾಯಿತು. ಆಗ ಆಟದವರು ಎಂಥ ಕಂಪ್ಯೂಟರ್ ಬೇಕು ಎಂದು ಕೊಟ್ಟ ಹೊಸ ಪಟ್ಟಿಯನ್ನು ನಾನು ಸರಿಯಾಗಿ ಓದಲಿಲ್ಲ. 1080ಪಿಯಲ್ಲಿ ಹೈ ಸೆಟ್ಟಿಂಗ್ ಇಟ್ಟು ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಬೇಕಾದರೆ ಕಾರ್ಡ್ ಆರ್‌ಟಿಎಕ್ಸ್ 2060 ಸೂಪರ್ ಸಾಕು ಎಂದಿತ್ತು. ಪ್ರೊಸೆಸರ್ ಮಾತ್ರ ಇಂಟೆಲ್ ಐ7-12700 ಅಥವಾ ರೈಜನ್ 7 7800ಎಕ್ಸ್3ಡಿ ಬೇಕು ಎಂದಿತ್ತು. ಕಾರ್ಡ್ ಮಧ್ಯಮದ್ದು, ಪ್ರೊಸೆಸರ್ ಮೇಲ್ದರ್ಜೆಯದ್ದು. ಈ ಆಟ ಎಲ್ಲಿ ಹೆಚ್ಚು ಕೆಲಸ ಕೇಳುತ್ತದೆ ಎಂದು ಆ ಒಂದು ಸಾಲಿನಲ್ಲೇ ಇತ್ತು.

ನಾನು ಕಾರ್ಡಿನ ಮೇಲೆ ಸಂಶಯಪಟ್ಟೆ. ಎಲ್ಲರೂ ಮಾಡುವುದು ಅದನ್ನೇ. ಸೆಟ್ಟಿಂಗ್ ಹೈಯಿಂದ ಮೀಡಿಯಂಗೆ ಇಳಿಸಿದೆ, ಮೀಡಿಯಂನಿಂದ ಲೋಗೆ ಇಳಿಸಿದೆ. ಚಿತ್ರ ಮಂಕಾಯಿತು, ಮುಗ್ಗರಿಸುವುದು ನಿಲ್ಲಲಿಲ್ಲ. ಆಟದೊಳಗೇ ವೇಗ ಅಳೆಯುವ ಒಂದು ಬೆಂಚ್‌ಮಾರ್ಕ್ ಇದೆ, ಸುಮಾರು ಒಂದು ನಿಮಿಷದ ಓಟ. ಅದರಲ್ಲಿ ನೋಡಿದರೆ ಹೈನಲ್ಲಿ ಸರಾಸರಿ 67 ಫ್ರೇಮ್. ಕಾಗದದ ಮೇಲೆ ಎಲ್ಲ ಸರಿ, ಕಣ್ಣಿಗೆ ಸರಿ ಇಲ್ಲ.

ಕ್ರಿಸ್‌ಮಸ್ ರಜೆಗೆ ಅಕ್ಕನ ಮಗ ಬಂದಿದ್ದ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅರ್ಧ ಗಂಟೆ ಆಡಿ ಅವನು ಹೇಳಿದ್ದು ಒಂದೇ ಮಾತು: “ಮಾವ, ಸರಾಸರಿ ನೋಡ್ಬೇಡಿ. ಫ್ರೇಮ್‌ಟೈಮ್ ನೋಡಿ.”

ಕಾರ್ಡಿನ ಮೇಲೆ ಕಣ್ಣಿಡುವ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿದೆವು. ಅದರ ಜೊತೆಗೆ ಬರುವ ರಿವಾಟ್ಯೂನರ್‌ನಿಂದ ತೆರೆಯ ಮೂಲೆಯಲ್ಲಿ ಫ್ರೇಮ್‌ಟೈಮ್, ಅಂದರೆ ಒಂದೊಂದು ಫ್ರೇಮಿಗೆ ಹಿಡಿಯುವ ಸಮಯ, ತೋರಿಸುವ ಗೆರೆಯೊಂದು ಓಡುತ್ತದೆ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದಕ್ಕೆ 16.6 ಮಿಲಿಸೆಕೆಂಡ್. ಗೆರೆ ಅಲ್ಲೇ ನೇರ ಇದ್ದರೆ ಕಣ್ಣಿಗೆ ಹಿತ. ಬಯಲಿನಲ್ಲಿ ನೇರವೇ ಇತ್ತು. ಮಾರ್ಕೆಟ್‌ನ ಮೆಟ್ಟಿಲು ಇಳಿದದ್ದೇ ತಡ, ಗೆರೆ ಗರಗಸದ ಹಲ್ಲಿನ ಹಾಗಾಯಿತು. 15, 17, ಮತ್ತೆ ಒಮ್ಮೆಲೇ 35, 40. ನೂರು ಫ್ರೇಮಿಗೆ ಒಂದೆರಡು ಹಾಗೆ ತಡವಾದರೂ ಸಾಕು, ಆಟ ತಡವರಿಸಿದಂತೆ ಕಾಣುತ್ತದೆ. ಅತಿ ನಿಧಾನದ ಶೇಕಡಾ ಒಂದರಷ್ಟು ಫ್ರೇಮುಗಳ ವೇಗ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದಕ್ಕೆ ಒನ್ ಪರ್ಸೆಂಟ್ ಲೋ ಅಂತ ಹೇಳುತ್ತಾರೆ. ನನ್ನದರಲ್ಲಿ ಅದು 34 ಇತ್ತು. ಸರಾಸರಿ 54.

ಅದಕ್ಕಿಂತ ಮುಖ್ಯವಾದದ್ದು ಪಕ್ಕದಲ್ಲೇ ಇತ್ತು. ಗ್ರಾಫಿಕ್ಸ್ ಕಾರ್ಡಿನ ಬಳಕೆ ಬಯಲಿನಲ್ಲಿ ಶೇಕಡಾ 98. ಮಾರ್ಕೆಟ್‌ನಲ್ಲಿ 70ರ ಆಸುಪಾಸು. ಅಂದರೆ ಕಾರ್ಡಿಗೆ ಸುಸ್ತಾದದ್ದಲ್ಲ. ಅದು ಸುಮ್ನೆ ಕಾಯುತ್ತಿತ್ತು.

ನಮ್ಮ ಕಡೆಯವರಿಗೆ ಇದನ್ನು ಆಟದ ಮೂಲಕವೇ ಹೇಳಬಹುದು, ಯಕ್ಷಗಾನ ಆಟ. ಭಾಗವತರು ಪದ ಎತ್ತಬೇಕು, ಆಮೇಲೆ ವೇಷ ಕುಣಿಯಬೇಕು. ಪದ ಬರುವುದು ತಡವಾದರೆ ವೇಷಧಾರಿ ಎಷ್ಟು ಗಟ್ಟಿಗನಾದರೂ ರಂಗದಲ್ಲಿ ನಿಂತೇ ಇರಬೇಕು. ಪ್ರೊಸೆಸರ್ ಇಲ್ಲಿ ಭಾಗವತ. ಯಾರು ಎಲ್ಲಿ ನಡೆಯಬೇಕು, ಯಾವ ಕಾರು ತಿರುಗಬೇಕು, ಈ ಫ್ರೇಮಿನಲ್ಲಿ ಏನೇನು ಬಿಡಿಸಬೇಕು ಎಂದು ಅದು ಹೇಳಿದ ಮೇಲೆಯೇ ಕಾರ್ಡ್ ಚಿತ್ರ ಬಿಡಿಸುವುದು. ಮಾರ್ಕೆಟ್‌ನಲ್ಲಿ ಜನ ಜಾಸ್ತಿ, ಹೇಳಬೇಕಾದದ್ದೂ ಜಾಸ್ತಿ.

ಖಾತ್ರಿ ಮಾಡಿಕೊಳ್ಳಲು ಎರಡು ಪರೀಕ್ಷೆ ಮಾಡಿದೆವು. ಮೊದಲು ಡಿಎಲ್‌ಎಸ್‌ಎಸ್ ಕ್ವಾಲಿಟಿ ಹಾಕಿದೆವು. ಆಗ ಆಟವನ್ನು ಒಳಗೆ 1280×720ರಲ್ಲಿ ಬಿಡಿಸಿ 1920×1080ಕ್ಕೆ ಹಿಗ್ಗಿಸುತ್ತದೆ. ಇಪ್ಪತ್ತು ಲಕ್ಷ ಚಿಲ್ಲರೆ ಚುಕ್ಕಿಗಳ ಬದಲು ಒಂಬತ್ತು ಲಕ್ಷ ಚಿಲ್ಲರೆ. ಕಾರ್ಡ್ ಬಿಡಿಸಬೇಕಾದ ಚುಕ್ಕಿಗಳು ಅರ್ಧಕ್ಕಿಂತ ಕಡಿಮೆ. ಆದರೂ ಮಾರ್ಕೆಟ್‌ನಲ್ಲಿ ಒಂದೇ ಒಂದು ಫ್ರೇಮ್ ಹೆಚ್ಚಾಗಲಿಲ್ಲ. ಕಾರ್ಡಿನ ಬಳಕೆ 50ಕ್ಕೆ ಇಳಿಯಿತು, ಅಷ್ಟೇ. ಎರಡನೆಯದು, ಕ್ರೌಡ್ ಡೆನ್ಸಿಟಿ, ಅಂದರೆ ಜನಸಂದಣಿ, ಹೈಯಿಂದ ಲೋಗೆ ಇಳಿಸಿದೆವು. ಒನ್ ಪರ್ಸೆಂಟ್ ಲೋ 34ರಿಂದ 45ಕ್ಕೆ ಏರಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಎಷ್ಟೋ ಮಂದಿ ನಿಲ್ಲಿಸುತ್ತಾರೆ. ಆದರೆ ಮಾರ್ಕೆಟ್ ಬೋಳಾಗಿಬಿಟ್ಟಿತು. ಗಾಡಿಯ ಮುಂದೆ ಗಿರಾಕಿ ಇಲ್ಲ, ಹಾದಿಯಲ್ಲಿ ಇಬ್ಬರೋ ಮೂವರೋ. ಆ ನಗರವನ್ನು ಕಟ್ಟಿದವರು ಎಷ್ಟು ಪ್ರೀತಿಯಿಂದ ಕಟ್ಟಿದ್ದಾರೆ! ಕುಂಬಳೆ ಆಯನದ ಜಾತ್ರೆಗೆ ಹೋಗಿ ಖಾಲಿ ಗದ್ದೆ ನೋಡಿ ಬಂದ ಹಾಗಾಯಿತು. ನನಗೆ ಒಪ್ಪಿಗೆಯಾಗಲಿಲ್ಲ.

ಇದೇ ಪ್ರೊಸೆಸರ್ ಇದ್ದವರ ವಿಡಿಯೊಗಳಲ್ಲಿ ಇಷ್ಟು ಕೆಳಗೆ ಇಳಿಯುತ್ತಿರಲಿಲ್ಲ. ಹಾಗಾದರೆ ನನ್ನದಕ್ಕೆ ಏನಾಗಿದೆ? ಅಳಿಯ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿದ. ಬಲಗಡೆ ಕೆಳಗೆ ಎರಡು ಸಾಲು. ಸ್ಪೀಡ್: 2666. ಸ್ಲಾಟ್ಸ್ ಯೂಸ್ಡ್: 1 ಆಫ್ 4.

ನಾನು ಹಣ ಕೊಟ್ಟದ್ದು 3200ರ ರ್‍ಯಾಮಿಗೆ. ಅಂಗಡಿಯವರು 8 ಜಿಬಿಯ ಎರಡು ಕಡ್ಡಿ ಹಾಕುವ ಬದಲು 16ರ ಒಂದೇ ಕಡ್ಡಿ ಹಾಕಿದ್ದರು. “ಮುಂದಕ್ಕೆ ಇನ್ನೊಂದು ಹಾಕ್ಲಿಕ್ಕೆ ಜಾಗ ಇರ್ತದೆ” ಎಂದಿದ್ದರು, ನಾನೂ ತಲೆಯಾಡಿಸಿದ್ದೆ. ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪುಟ) ಎಕ್ಸ್‌ಎಂಪಿ ಎಂಬ ವೇಗದ ಆಯ್ಕೆ ಆನ್ ಮಾಡಿಯೂ ಇರಲಿಲ್ಲ. ಆನ್ ಮಾಡದಿದ್ದರೆ ರ್‍ಯಾಮ್ ತನ್ನ ಮೂಲ ವೇಗದಲ್ಲೇ ಓಡುತ್ತದೆ, ಪೊಟ್ಟಣದ ಮೇಲೆ ಏನೇ ಬರೆದಿರಲಿ.

ಲೆಕ್ಕ ಹಾಕಿದರೆ ವ್ಯತ್ಯಾಸ ಸಣ್ಣದಲ್ಲ. ಒಂದೇ ಕಡ್ಡಿ, 2666 ವೇಗ ಅಂದರೆ ಸೆಕೆಂಡಿಗೆ ಸುಮಾರು 21 ಜಿಬಿ ದಾರಿ. ಎರಡು ಕಡ್ಡಿ, 3200 ಅಂದರೆ 51 ಜಿಬಿ. ರೈಜನ್‌ನಲ್ಲಿ ಇನ್ನೊಂದು ಸಂಗತಿ ಇದೆ. ಅದರ ಒಳಗಿನ ತುಂಡುಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ರ್‍ಯಾಮಿನ ಗಡಿಯಾರಕ್ಕೆ ಹೊಂದಿಕೊಂಡು ಓಡುತ್ತದೆ. ರ್‍ಯಾಮ್ ನಿಧಾನವಾದರೆ ಅದೂ ನಿಧಾನ. ಜನ ತುಂಬಿದ ಜಾಗದಲ್ಲಿ ಪ್ರೊಸೆಸರ್ ಮತ್ತೆ ಮತ್ತೆ ರ್‍ಯಾಮಿಗೆ ಕೈ ಹಾಕುತ್ತದೆ. ಪ್ರತಿ ಸಲವೂ ಸ್ವಲ್ಪ ಕಾಯುತ್ತದೆ.

ಅದೇ ಕಂಪೆನಿಯ, ಅದೇ ಮಾದರಿಯ ಇನ್ನೊಂದು 16 ಜಿಬಿ ಕಡ್ಡಿ ತರಿಸಿದೆ. ಬಂದ ದಿನ ಸಂಜೆ ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದೆವು. ಪ್ಲಗ್ ತೆಗೆದು ಪವರ್ ಬಟನ್ ಒಂದು ಸಲ ಒತ್ತಿದೆ, ಉಳಿದ ಕರೆಂಟು ಹೋಗಲಿ ಎಂದು. ನಾಲ್ಕು ಸ್ಲಾಟಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು, ಅವೆರಡರಲ್ಲಿ ಕೂರಿಸಬೇಕು. ಬೋರ್ಡಿನ ಪುಸ್ತಕದಲ್ಲಿ ಎ2, ಬಿ2 ಎಂದು ಇರುತ್ತದೆ. ಕಡ್ಡಿಯ ಗೀರು ಸ್ಲಾಟಿನ ಉಬ್ಬಿಗೆ ಸರಿಯಾಗಿ ಕೂರಿಸಿ, ಎರಡು ಹೆಬ್ಬೆರಳಿನಿಂದ ಎರಡು ತುದಿ ಒತ್ತಿದೆ. ಬೋರ್ಡ್ ಸ್ವಲ್ಪ ಬಾಗುತ್ತದೆ, ಹೆದರಿಕೆಯಾಗುತ್ತದೆ. ಟಕ್ ಎಂದು ಕೊಕ್ಕೆ ಹಿಡಿದುಕೊಂಡಿತು. ಆ ಶಬ್ದ ಕೇಳುವವರೆಗೆ ಕೈ ತೆಗೆಯಬಾರದು. ಆಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿದೆ.

ಅದೇ ಮಾರ್ಕೆಟ್, ಅದೇ ಮೆಟ್ಟಿಲು, ಕ್ರೌಡ್ ಡೆನ್ಸಿಟಿ ಹೈ. ಸರಾಸರಿ 66, ಒನ್ ಪರ್ಸೆಂಟ್ ಲೋ 51. ಕಾರ್ಡಿನ ಬಳಕೆ 96. ಗರಗಸದ ಹಲ್ಲು ಹೋಗಿ ಗೆರೆ ನೇರವಾಯಿತು. ಮಾಮೂಲಿ ಬೆಲೆಯ ಒಂದು ಕಡ್ಡಿಯಿಂದ ಆದದ್ದು. ನಾನು ಕಾರ್ಡ್ ಮಾರಿ ಹೊಸದು ತೆಗೆಯುವ ಯೋಚನೆಯಲ್ಲಿದ್ದೆ. ತೆಗೆದಿದ್ದರೂ ಮಾರ್ಕೆಟ್‌ನಲ್ಲಿ ಅದೇ 34 ಬರುತ್ತಿತ್ತು.

ಈಗ ಕಾರ್ಡ್ ಪೂರ್ತಿ ದುಡಿಯುತ್ತಿದೆ ಅಂದಮೇಲೆ ಸೆಟ್ಟಿಂಗ್ ಇಳಿಸುವುದಕ್ಕೂ ಅರ್ಥ ಬಂತು. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ಸ್ (ಪ್ರತಿಫಲನ) ಒಂದನ್ನೇ ಅಲ್ಟ್ರಾದಿಂದ ಮೀಡಿಯಂಗೆ ಇಳಿಸಿದರೆ ದೊಡ್ಡ ಲಾಭ. ಸೈಕೋ ಎಂಬ ಮಟ್ಟವೂ ಇದೆ, ಈ ಕಾರ್ಡಿಗೆ ಅದರ ಹತ್ತಿರ ಹೋಗುವುದು ಬೇಡ. ವಾಲ್ಯುಮೆಟ್ರಿಕ್ ಫಾಗ್, ಮೋಡ ಮೀಡಿಯಂ. ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ವಿವರ) ಮಾತ್ರ ಹೈ, ಕಾರ್ಡಿನಲ್ಲಿ 12 ಜಿಬಿ ಇರುವಾಗ ಅದನ್ನು ಕಡಿಮೆ ಮಾಡುವ ಅಗತ್ಯವೇ ಇಲ್ಲ. ಡಿಎಲ್‌ಎಸ್‌ಎಸ್ ಕ್ವಾಲಿಟಿಯೂ ಈಗ ಕೆಲಸಕ್ಕೆ ಬರುತ್ತದೆ. 2025ರ ಜನವರಿಯ 2.21 ಅಪ್‌ಡೇಟ್‌ನಲ್ಲಿ ಅದರ ಹೊಸ ಟ್ರಾನ್ಸ್‌ಫಾರ್ಮರ್ ಮಾದರಿ ಬಂದ ಮೇಲೆ ದೂರದ ಬೋರ್ಡುಗಳ ಅಕ್ಷರ ಅಲುಗಾಡದೆ ಓದಲಿಕ್ಕಾಗುತ್ತದೆ.

ಬೆಳಕಿನ ಕಿರಣಗಳ ಜಾಡು ಹಿಡಿದು ಚಿತ್ರ ಬಿಡಿಸುವ ರೇ ಟ್ರೇಸಿಂಗ್ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗೆ: 3060ರಲ್ಲಿ ಪ್ರತಿಫಲನ ಒಂದನ್ನು ಹಾಕಿ ಡಿಎಲ್‌ಎಸ್‌ಎಸ್ ಜೊತೆ ಆಡಬಹುದು, ಮಳೆ ಬಿದ್ದ ರಾತ್ರಿಯ ರಸ್ತೆ ನೋಡಲು ಎರಡು ಕಣ್ಣು ಸಾಲದು. ಆದರೆ ಅದು ಕಾರ್ಡಿಗೆ ಮಾತ್ರವಲ್ಲ, ಪ್ರೊಸೆಸರಿಗೂ ಹೊರೆ. ಮಾರ್ಕೆಟ್‌ಗೆ ಬಂದರೆ ಹಳೆ ಕಥೆ ಶುರು. ನಾನು ಇಡುವುದಿಲ್ಲ. ಎರಡು ಫ್ರೇಮುಗಳ ನಡುವೆ ಊಹಿಸಿದ ಫ್ರೇಮ್ ಸೇರಿಸುವ ಫ್ರೇಮ್ ಜನರೇಷನ್ ಕೂಡ ಇಡುವುದಿಲ್ಲ. ಎನ್‌ವಿಡಿಯಾದ್ದು 40ರ ಸರಣಿಯಿಂದ ಮೇಲಿನ ಕಾರ್ಡುಗಳಿಗೆ ಮಾತ್ರ. ಎಎಂಡಿಯ ಎಫ್‌ಎಸ್‌ಆರ್ 3ರದ್ದು ನಮ್ಮ ಕಾರ್ಡಿನಲ್ಲಿ ಓಡುತ್ತದೆ, ಅಂಕಿ ಏರುತ್ತದೆ. ಮೌಸ್ ತಿರುಗಿಸಿದಾಗ ಮಾತ್ರ ಹಗ್ಗ ಕಟ್ಟಿ ಎಳೆದ ಹಾಗೆ.

ಮತ್ತೆ ಬಂದದ್ದು ಬೇಸಿಗೆ. ನನ್ನ ಕಂಪ್ಯೂಟರ್ ಇರುವುದು ಉಪ್ಪರಿಗೆಯಲ್ಲಿ. ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಕೋಣೆಯೊಳಗೆ 33 ಡಿಗ್ರಿ, ಮೈಯೆಲ್ಲ ಅಂಟು. ಪ್ರೊಸೆಸರ್ 85 ತಲುಪುತ್ತಿತ್ತು, ಅದರ ಮಿತಿಯೇ 90. ಪೆಟ್ಟಿಗೆಯಲ್ಲಿ ಬಂದ ಸಣ್ಣ ಕೂಲರ್ ನಮ್ಮ ಊರಿನ ಸೆಕೆಗೆ ಸಾಲದು. 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಹಾಕಿದ ಮೇಲೆ 70ಕ್ಕೆ ಇಳಿಯಿತು. ಕಾರ್ಡಿಗೆ ಅಂಡರ್‌ವೋಲ್ಟ್ ಮಾಡಿದೆ, ಅಂದರೆ ಅದಕ್ಕೆ ಹೋಗುವ ವೋಲ್ಟೇಜ್ ಇಳಿಸಿದೆ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿದರೆ ಒಂದು ಕರ್ವ್ ತೆರೆದುಕೊಳ್ಳುತ್ತದೆ. 850 ಮಿಲಿವೋಲ್ಟ್‌ಗೆ 1800 ಮೆಗಾಹರ್ಟ್ಸ್ ಇಟ್ಟೆ. 170 ವ್ಯಾಟ್ ಎಳೆಯುತ್ತಿದ್ದದ್ದು 130ರ ಹತ್ತಿರ ಬಂತು. ಹೋದದ್ದು ಎರಡೋ ಮೂರೋ ಫ್ರೇಮ್. ಒಂದು ಚಿಪ್ಪಿನ ಹಾಗೆ ಇನ್ನೊಂದು ಇರುವುದಿಲ್ಲ, ಆದ್ದರಿಂದ ನನ್ನ ಅಂಕಿ ಹಾಗೇ ಹಾಕಬೇಡಿ. ಸ್ವಲ್ಪ ಸ್ವಲ್ಪ ಇಳಿಸಿ, ಒಂದು ಗಂಟೆ ಆಡಿ ನೋಡಿ, ಆಟ ತಾನಾಗಿ ಮುಚ್ಚಿದರೆ ಒಂದು ಮೆಟ್ಟಿಲು ಮೇಲೆ ಬನ್ನಿ.

ಫಿಲ್ಟರ್ ಬಗ್ಗೆಯೂ ಹೇಳಬೇಕು. ನಮ್ಮ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು ಹಾಕುತ್ತೇವೆ. ಆ ಹೊಗೆ ಉಪ್ಪರಿಗೆಗೆ ಬರುತ್ತದೆ, ಮುರಕಲ್ಲಿನ ಕೆಂಪು ಧೂಳಿನ ಜೊತೆ ಸೇರಿ ಫಿಲ್ಟರ್ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ಊದಿದರೆ ಹೋಗುವುದಿಲ್ಲ. ತಿಂಗಳಿಗೊಮ್ಮೆ ಬಿಚ್ಚಿ ಸಾಬೂನು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕುತ್ತೇನೆ. ಹಾಗೆ ಮಾಡಿದ ದಿನ ನಾಲ್ಕೈದು ಡಿಗ್ರಿ ಕಡಿಮೆ ಕಾಣುತ್ತದೆ.

ಮಳೆಗಾಲಕ್ಕೆ ಮನೆಯ ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿಟ್ಟಿದ್ದೇನೆ. ಕರೆಂಟು ಹೋದಾಗ ಬೇಗ ಬದಲಾಗುತ್ತದೆ, ಕಂಪ್ಯೂಟರ್ ಆರುವುದಿಲ್ಲ. ಮೊದಲು ಇದ್ದ 600 ವಿಎ ಯುಪಿಎಸ್ ಆಟದ ಮಧ್ಯೆ ಕರೆಂಟು ಹೋದರೆ ಬೀಪ್ ಹಾಕಿ ಕೈಬಿಡುತ್ತಿತ್ತು. ತುಲಾ ತಿಂಗಳ ಸಂಜೆ ಗುಡುಗು ಕೇಳಿದರೆ ಮಾತ್ರ ಯಾವ ಮೋಡೂ ಬೇಡ, ಪ್ಲಗ್ ಕೀಳುತ್ತೇನೆ, ಇಂಟರ್ನೆಟ್ ಕೇಬಲ್ ಕೂಡ.

ಅಳಿಯ ಈ ವರ್ಷ ತನಗೊಂದು ಜೋಡಿಸಿಕೊಂಡ. ಇಂಟೆಲ್ ಐ5-12400ಎಫ್, ರೇಡಿಯಾನ್ ಆರ್‌ಎಕ್ಸ್ 6600. ಕಾರ್ಡ್ 8 ಜಿಬಿಯದ್ದು, ರೇ ಟ್ರೇಸಿಂಗ್‌ನಲ್ಲಿ ನನ್ನದಕ್ಕಿಂತ ಹಿಂದೆ, ಡಿಎಲ್‌ಎಸ್‌ಎಸ್ ಇಲ್ಲ. ಆದರೆ 132 ವ್ಯಾಟ್ ಸಾಕು ಅದಕ್ಕೆ, ರೇ ಟ್ರೇಸಿಂಗ್ ಬೇಡದವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಅಂಗಡಿಯಲ್ಲಿ ನಿಂತು 8 ಜಿಬಿಯ ಎರಡು ಕಡ್ಡಿಯೇ ಬೇಕು ಎಂದು ಹಟ ಹಿಡಿದನಂತೆ. ಹಾಸ್ಟೆಲಿಗೆ ಬಂದು ಆಟ ಇಳಿಸಿಕೊಂಡು ಸೀದಾ ಮಾರ್ಕೆಟ್‌ಗೆ ಹೋಗಿ ಫೋನ್ ಮಾಡಿದ.

“ಮಾವ, ಲೋ 53 ಬಂತು.”

“ಜನ ಎಷ್ಟರಲ್ಲಿ ಇಟ್ಟಿದ್ದಿ?”

“ಹೈಯಲ್ಲೇ ಮಾವ. ಕಾಲಿಡ್ಲಿಕ್ಕೆ ಜಾಗ ಇಲ್ಲ.”