ಇಸಿಎಚ್‌ಎಸ್ ರೋಗಿ ಡಿಸ್ಚಾರ್ಜ್ ಆದಮೇಲೆ: ಮೊದಲ ಏಳು ದಿನ

ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ 2003ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಪಾಲಿಕ್ಲಿನಿಕ್‌ನಲ್ಲಿ (ಯೋಜನೆಯದೇ ಚಿಕಿತ್ಸಾಲಯ) ತೋರಿಸಿ, ರೆಫರಲ್ (ಆಸ್ಪತ್ರೆಗೆ ಕಳುಹಿಸುವ ಚೀಟಿ) ಬರೆಸಿಕೊಂಡು, ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋಗುವ ದಾರಿ ಎಲ್ಲರಿಗೂ ಗೊತ್ತು. ಎಡವಟ್ಟಾಗುವುದು ವಾಪಸ್ ಬರುವಾಗ.

ತುರ್ತು ಇದ್ದರೆ ರೆಫರಲ್‌ಗೆ ಕಾಯಬೇಡಿ. ಯೋಜನೆಗೆ ಸೇರದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಿ, ತುರ್ತು ಸ್ಥಿತಿ ಇತ್ತೆಂದು ವೈದ್ಯರಿಂದ ಬರೆಸಿಕೊಳ್ಳಿ. ಹಣ ಮೊದಲು ಕೈಯಿಂದಲೇ ಕಟ್ಟಬೇಕು. ಆಮೇಲೆ ಸಿಗುವುದೂ ಯೋಜನೆಯ ದರದಷ್ಟೇ, ಪೂರ್ತಿ ಬಿಲ್ಲಲ್ಲ.

ಡಿಸ್ಚಾರ್ಜ್ ಸಮರಿಯನ್ನು (ಚಿಕಿತ್ಸೆ, ಮಾತ್ರೆಗಳ ವಿವರ ಬರೆದು ಆಸ್ಪತ್ರೆ ಕೊಡುವ ಪತ್ರ) ಹೊರಡುವ ಗಡಿಬಿಡಿಯಲ್ಲಿ ಓದಲಾಗದು. ಹಿಂದಿನ ದಿನವೇ ಕರಡು ಕೇಳಿ. ಹೊಸ ಮಾತ್ರೆ ಯಾವುದು, ಹಳೆಯದರಲ್ಲಿ ಯಾವುದನ್ನು ನಿಲ್ಲಿಸಿದ್ದಾರೆ, ಎರಡೂ ಅದರಲ್ಲಿರಬೇಕು. ನಿಲ್ಲಿಸಿದ್ದನ್ನು ಬರೆಯುವುದೇ ಕಡಿಮೆ. ಮನೆಯ ಡಬ್ಬಿಯಲ್ಲಿ ಪಾಲಿಕ್ಲಿನಿಕ್ ಕೊಟ್ಟ ರಕ್ತದೊತ್ತಡದ ಮಾತ್ರೆ ಟೆಲ್ಮಿಸಾರ್ಟಾನ್ 40 ಇದೆ, ಆಸ್ಪತ್ರೆಯವರು ಟೆಲ್ಮಾ 40 ಬರೆದಿದ್ದಾರೆ ಎನ್ನಿ. ಎರಡೂ ಒಂದೇ ಮಾತ್ರೆ. ಹೆಸರು ಬೇರೆ ಎಂದು ಎರಡನ್ನೂ ನುಂಗಿದರೆ 80 ಮಿಲಿಗ್ರಾಂ ಆಗಿ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ತಲೆ ಸುತ್ತಿ ಬೀಳಬಹುದು. ಅದಕ್ಕೇ ಮನೆಯ ಡಬ್ಬಿಯನ್ನು ಹಾಗೇ ಆಸ್ಪತ್ರೆಗೆ ಒಯ್ದು ನರ್ಸ್ ಮುಂದೆ ಒಂದೊಂದಾಗಿ ಹೋಲಿಸಿ. 'ಎಲ್ಲಾ ಠೀಕ್ ಇದೆ' ಎನ್ನುವ ಫೌಜಿ ಉತ್ತರವನ್ನು ನೆಚ್ಚಬೇಡಿ, ಮನೆಯವರೊಬ್ಬರು ಪಕ್ಕದಲ್ಲಿರಲಿ.

ಆಸ್ಪತ್ರೆ ಕೊಡುವ ಔಷಧಿ ಹೆಚ್ಚೆಂದರೆ 7 ದಿನಕ್ಕೆ. ಮುಂದಿನದು ಪಾಲಿಕ್ಲಿನಿಕ್‌ನಲ್ಲಿ. ಏಳನೇ ದಿನ ಹೋದರೆ ಅಂದು ಭಾನುವಾರವಾಗಿರಬಹುದು, ಇಲ್ಲವೇ ಆ ಮಾತ್ರೆಯೇ ದಾಸ್ತಾನಿನಲ್ಲಿ ಇಲ್ಲದಿರಬಹುದು. ನಾಲ್ಕನೇ ದಿನವೇ ಕಾರ್ಡ್, ಸಮರಿ, ಅದರ ಎರಡು ಜೆರಾಕ್ಸ್ ಹಿಡಿದು ಹೋಗಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗಂತೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೊಗ್ರೆಲ್ ಒಂದು ದಿನವೂ ತಪ್ಪಬಾರದು: ತಪ್ಪಿದರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು. ಸಿಗದಿದ್ದರೆ ಆ ವಾರಕ್ಕೆ ಹೊರಗೆ ಕೊಂಡುಕೊಳ್ಳಿ, ಬಿಲ್ಲು ಇಟ್ಟುಕೊಳ್ಳಿ.

ರಿವ್ಯೂ (ಮತ್ತೆ ಆಸ್ಪತ್ರೆಗೆ ಹೋಗಿ ತೋರಿಸುವ) ದಿನಕ್ಕೆ ಮುಂಚೆ ರೆಫರಲ್‌ನ ಅವಧಿ ನೋಡಿ. ಮಡಿಕೇರಿಯಿಂದ ಮೈಸೂರಿನ ಆಸ್ಪತ್ರೆಗೆ ಬಸ್ಸು ಹತ್ತಿ ಹೋದಮೇಲೆ ಕೌಂಟರ್‌ನಲ್ಲಿ 'ಅವಧಿ ಮುಗಿದಿದೆ' ಎಂದರೆ ಹೊಸ ರೆಫರಲ್‌ಗೆ ಮತ್ತೆ ಪಾಲಿಕ್ಲಿನಿಕ್‌ಗೇ ಬರಬೇಕು.