ಕಾರಿನ ಸಬ್‌ವೂಫರ್: ಪೆಟ್ಟಿಗೆಯಿಂದ ಲೆಕ್ಕ ಆರಂಭಿಸಿದ ನನ್ನ ಅನುಭವ

ನನ್ನ ಸ್ವಿಫ್ಟ್ ಕಾರಿಗೆ ಮೊದಲ ಸಲ, ತಗ್ಗಿನ ನಾದವನ್ನಷ್ಟೇ ನುಡಿಸುವ ಸ್ಪೀಕರ್ ಆದ ಸಬ್‌ವೂಫರ್ ಹಾಕಿಸಿದಾಗ ಅಂಗಡಿಯಲ್ಲಿ ನಾನು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಇಂಚು, ಎಷ್ಟು ವ್ಯಾಟ್. ಹನ್ನೆರಡು ಇಂಚಿನ, ಮೇಲೆ 1000 ವ್ಯಾಟ್ ಎಂದು ಅಚ್ಚಾಗಿದ್ದ ಸ್ಪೀಕರನ್ನು ಸಿದ್ಧ ಪೆಟ್ಟಿಗೆಯೊಂದರಲ್ಲಿ ಕೂರಿಸಿ ಕೊಟ್ಟರು. ಮೊದಲ ದಿನ ಕಾರಿನ ಗಾಜು ನಡುಗಿದಾಗ ಸಂತೋಷವಾಗಿದ್ದು ನಿಜ. ಆದರೆ ಒಂದು ವಾರದೊಳಗೆ ಕಿವಿ ದಣಿಯತೊಡಗಿತು. ಯಾವ ಹಾಡು ಹಾಕಿದರೂ ಕೆಳಗಿನಿಂದ ಒಂದೇ ಶ್ರುತಿಯ ಗುಂಯ್‌ಗುಡುವಿಕೆ ಕೇಳುತ್ತಿತ್ತು. ಸಂಗೀತ ಕಛೇರಿಯ ಧ್ವನಿಮುದ್ರಣ ಹಾಕಿದರೆ ಮೃದಂಗದ ಎಡಮುಖದ ಗುಮ್ಕಿ ಏರುವುದೂ ಇಳಿಯುವುದೂ ತಿಳಿಯದೆ ಎಲ್ಲವೂ ಒಂದೇ ಮುದ್ದೆಯಾಗುತ್ತಿತ್ತು.

ಸ್ಪೀಕರ್ ಕೆಟ್ಟದ್ದಿರಬೇಕೆಂದು ನಾನು ಬಹಳ ದಿನ ನಂಬಿದ್ದೆ. ನಂತರ ಅದರ ತಾಂತ್ರಿಕ ವಿವರದ ಹಾಳೆಯನ್ನು ಹುಡುಕಿ ಓದಿದಾಗ ತಿಳಿದದ್ದು ಬೇರೆ. ಆ 1000 ವ್ಯಾಟ್ ಕ್ಷಣಮಾತ್ರದ ಗರಿಷ್ಠ ಸಂಖ್ಯೆ. ನಿರಂತರವಾಗಿ ತಾಳಿಕೊಳ್ಳುವ ಆರ್‌ಎಂಎಸ್ ಶಕ್ತಿ 250 ವ್ಯಾಟ್ ಮಾತ್ರ. ಅದಕ್ಕಿಂತ ಮುಖ್ಯವಾಗಿ, ಪೆಟ್ಟಿಗೆಯ ಗಾತ್ರಕ್ಕೂ ಆ ಸ್ಪೀಕರಿಗೂ ಯಾವ ಸಂಬಂಧವೂ ಇರಲಿಲ್ಲ. ತಂಬೂರಿಯ ಬುರುಡೆಯನ್ನು ತಂತಿಯಿಂದ ಬೇರ್ಪಡಿಸಿ ನೋಡಲಾಗದಂತೆ ಇಲ್ಲಿಯೂ ಪೆಟ್ಟಿಗೆಯೇ ಅರ್ಧ ವಾದ್ಯ. ಸ್ಪೀಕರಿನ ಶಂಕುವಿನಾಕಾರದ ಪೊರೆ, ಅಂದರೆ ಕೋನ್, ಹಿಂದಕ್ಕೂ ಮುಂದಕ್ಕೂ ಚಲಿಸುವಾಗ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ, ಆ ಸ್ಪ್ರಿಂಗಿನ ಬಿಗಿಯನ್ನು ನಿರ್ಧರಿಸುವುದು ಪೆಟ್ಟಿಗೆಯ ಒಳಗಾತ್ರ.

ಎರಡನೆಯ ಸಲ ನಾನು ಸ್ಪೀಕರಿನಿಂದ ಆರಂಭಿಸಲಿಲ್ಲ, ಡಿಕ್ಕಿಯಿಂದ ಆರಂಭಿಸಿದೆ. ನನ್ನ ಕಾರಿನ ಡಿಕ್ಕಿ 268 ಲೀಟರಿನದು. ಊರಿಗೆ ಹೋಗುವಾಗ ಎರಡು ಸೂಟ್‌ಕೇಸು, ಬರುವಾಗ ತೆಂಗಿನಕಾಯಿಯ ಚೀಲ ಅದರಲ್ಲೇ ಹಿಡಿಯಬೇಕು. ಹೊರ ಅಳತೆಯಲ್ಲಿ 50 ಲೀಟರಿಗಿಂತ ಹೆಚ್ಚು ಜಾಗವನ್ನು ಪೆಟ್ಟಿಗೆಗೆ ಕೊಡಲಾರೆ ಎಂದು ಮೊದಲೇ ಬರೆದಿಟ್ಟುಕೊಂಡೆ. ಸೀಟಿನ ಅಡಿಗೆ ಹೋಗುವ ತೆಳು ಸಬ್‌ವೂಫರುಗಳನ್ನೂ ಕೇಳಿ ನೋಡಿದೆ. ಜಾಗವೇ ಇಲ್ಲದವರಿಗೆ ಅವು ಸರಿ, ಆದರೆ ತೀರಾ ಕೆಳಗಿನ ನಾದವನ್ನು ಅವುಗಳಿಂದ ನಿರೀಕ್ಷಿಸುವಂತಿಲ್ಲ.

ಇಲ್ಲಿ ನೆರವಾದದ್ದು ಥೀಲ್–ಸ್ಮಾಲ್ ಅಂಕಿಗಳು. ಆಸ್ಟ್ರೇಲಿಯದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಲೆಕ್ಕವನ್ನು ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ವಿಸ್ತರಿಸಿದರು, ಇಂದಿಗೂ ಬಹುಪಾಲು ಪೆಟ್ಟಿಗೆಗಳ ಲೆಕ್ಕ ಅದರ ಮೇಲೆಯೇ ನಿಂತಿದೆ. ನಮಗೆ ಬೇಕಾದವು ಮುಖ್ಯವಾಗಿ ಮೂರು. ಎಫ್‌ಎಸ್ ಎಂದರೆ ಪೆಟ್ಟಿಗೆಯಿಲ್ಲದೆ ಸ್ಪೀಕರ್ ತಾನಾಗಿ ಅನುರಣಿಸುವ ಆವೃತ್ತಿ. ವಿಎಎಸ್ ಎಂದರೆ ಕೋನನ್ನು ಹಿಡಿದು ತೂಗಿಸುವ ಭಾಗಗಳ ಬಿಗಿಗೆ ಸಮನಾದ ಬಿಗಿಯಿರುವ ಗಾಳಿಯ ಗಾತ್ರ. ಕ್ಯೂಟಿಎಸ್ ಎಂದರೆ ಕೋನಿನ ಕಂಪನ ಎಷ್ಟು ಬೇಗ ಅಂಕೆಗೆ ಬರುತ್ತದೆಂಬುದರ ಅಳತೆ, ಅದು ಕಡಿಮೆಯಿದ್ದಷ್ಟೂ ಹತೋಟಿ ಹೆಚ್ಚು. ಈ ಅಂಕಿಗಳನ್ನು ಕೊಡದ ಸಬ್‌ವೂಫರನ್ನು, ಬೆಲೆ ಎಷ್ಟೇ ಕಡಿಮೆಯಿದ್ದರೂ, ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅಂಥದ್ದಕ್ಕೆ ಸರಿಹೊಂದುವ ಪೆಟ್ಟಿಗೆಯನ್ನು ಊಹೆಯಿಂದಲ್ಲದೆ ಮಾಡಲು ದಾರಿಯೇ ಇಲ್ಲ.

ನಾನು ಆರಿಸಿದ ಹತ್ತು ಇಂಚಿನ ಸ್ಪೀಕರಿನ ಎಫ್‌ಎಸ್ 32 ಹರ್ಟ್ಜ್, ಕ್ಯೂಟಿಎಸ್ 0.50, ವಿಎಎಸ್ 40 ಲೀಟರ್. ಸೀಲ್ಡ್, ಅಂದರೆ ಗಾಳಿಯಾಡದಂತೆ ಪೂರ್ತಿ ಮುಚ್ಚಿದ, ಪೆಟ್ಟಿಗೆಯ ಲೆಕ್ಕ ಕಷ್ಟವಲ್ಲ. ವಿಎಎಸ್ ಅನ್ನು ಪೆಟ್ಟಿಗೆಯ ಒಳಗಾತ್ರದಿಂದ ಭಾಗಿಸಿ, ಅದಕ್ಕೆ ಒಂದನ್ನು ಕೂಡಿಸಿ, ವರ್ಗಮೂಲ ತೆಗೆದರೆ ಒಂದು ಸಂಖ್ಯೆ ಸಿಗುತ್ತದೆ. ಕ್ಯೂಟಿಎಸ್ ಮತ್ತು ಎಫ್‌ಎಸ್ ಎರಡನ್ನೂ ಅದರಿಂದ ಗುಣಿಸಿದರೆ ಪೆಟ್ಟಿಗೆಯಲ್ಲಿ ಕೂತ ಮೇಲಿನ ಕ್ಯೂ ಮತ್ತು ಅನುರಣನದ ಆವೃತ್ತಿ ಬರುತ್ತವೆ. 40 ಲೀಟರಿನ ಪೆಟ್ಟಿಗೆಯಲ್ಲಿ ಕ್ಯೂ 0.707 ಆಗುತ್ತಿತ್ತು, ಅಂದರೆ ಎಲ್ಲಿಯೂ ಉಬ್ಬದ ಸಮತಟ್ಟಾದ ನಾದ. ಆದರೆ ಅಷ್ಟು ಜಾಗ ನನ್ನಲ್ಲಿರಲಿಲ್ಲ. 18 ಲೀಟರಿಗೆ ಇಳಿಸಿದರೆ ಕ್ಯೂ 0.9 ಆಗಿ, ಅನುರಣನದ 57 ಹರ್ಟ್ಜ್‌ಗಿಂತ ಮೇಲೆ ಉಬ್ಬು ಕಾಣುತ್ತಿತ್ತು. ಮತ್ತೆ ಅದೇ ಗುಂಯ್‌ಗುಡುವಿಕೆಯ ಭಯ. 28 ಲೀಟರಿನಲ್ಲಿ ಕ್ಯೂ 0.78, ಅನುರಣನ 50 ಹರ್ಟ್ಜ್. ಅಲ್ಲಿಗೇ ನಿಂತೆ. ವಿನ್‌ಐಎಸ್‌ಡಿ ಎಂಬ ಉಚಿತ ತಂತ್ರಾಂಶದಲ್ಲಿಯೂ ಇದೇ ಉತ್ತರ ಬಂದಾಗ ಧೈರ್ಯ ಹೆಚ್ಚಿತು.

ಗಾಳಿ ಹೋಗಿಬರಲು ಕೊಳವೆಯಿರುವ ಪೋರ್ಟೆಡ್ ಪೆಟ್ಟಿಗೆಯನ್ನು ನಾನು ಲೆಕ್ಕ ಹಾಕದೆ ಬಿಡಲಿಲ್ಲ. ಅದೇ ಸ್ಪೀಕರಿಗೆ 45 ಲೀಟರ್ ಒಳಗಾತ್ರವನ್ನು 33 ಹರ್ಟ್ಜ್‌ಗೆ ಶ್ರುತಿ ಮಾಡಲು 10 ಸೆಂಟಿಮೀಟರ್ ವ್ಯಾಸದ ಕೊಳವೆ ಸುಮಾರು 41 ಸೆಂಟಿಮೀಟರ್ ಉದ್ದ ಬೇಕಾಗುತ್ತಿತ್ತು. ಕೊಳವೆ ತಾನೇ ಸುಮಾರು ನಾಲ್ಕು ಲೀಟರ್ ಜಾಗ ತಿನ್ನುತ್ತದೆ. ಸಣ್ಣ ಕೊಳವೆ ಇಟ್ಟರೆ ಗಾಳಿ ವೇಗವಾಗಿ ನುಗ್ಗಿ ಬುಸುಗುಟ್ಟುತ್ತದೆ. ಶ್ರುತಿಯ ಆವೃತ್ತಿಗಿಂತ ಕೆಳಗೆ ಕೋನಿಗೆ ಗಾಳಿಯ ತಡೆಯೇ ಇಲ್ಲವಾಗುವುದರಿಂದ ತೀರಾ ಕೆಳಗಿನ ಆವೃತ್ತಿಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದೆ ನಡೆಸಿದರೆ ಸ್ಪೀಕರ್ ಹಾಳಾಗುವ ಅಪಾಯವಿದೆ. ಇಷ್ಟೆಲ್ಲ ಇದ್ದರೂ ಪೋರ್ಟೆಡ್ ಪೆಟ್ಟಿಗೆ ಕೀಳಲ್ಲ. ಅಷ್ಟೇ ಶಕ್ತಿಯಲ್ಲಿ ಅದು ಹೆಚ್ಚು ಜೋರಾಗಿ ನುಡಿಯುತ್ತದೆ, ಡೊಳ್ಳಿನ ಪೆಟ್ಟು ಎದೆಗೆ ತಟ್ಟಬೇಕೆನ್ನುವವರಿಗೆ, ಡಿಕ್ಕಿಯನ್ನು ಪೂರ್ತಿ ಬಿಟ್ಟುಕೊಡಬಲ್ಲವರಿಗೆ ಅದೇ ಸರಿಯಾದ ಆಯ್ಕೆ.

ಸೀಲ್ಡ್ ಪೆಟ್ಟಿಗೆ 50 ಹರ್ಟ್ಜ್‌ನಿಂದ ಕೆಳಗೆ ಇಳಿಯುತ್ತ ಹೋದರೆ ಬಾಸ್ ಗಿಟಾರಿನ 41 ಹರ್ಟ್ಜ್‌ನ ಕೆಳತಂತಿ ಕೇಳುವುದು ಹೇಗೆ ಎಂಬ ಪ್ರಶ್ನೆ ನನ್ನನ್ನೂ ಕಾಡಿತ್ತು. ಉತ್ತರ ಕಾರಿನಲ್ಲಿಯೇ ಇದೆ. ಕ್ಯಾಬಿನ್ನಿನ ಉದ್ದಕ್ಕಿಂತ ಅಲೆಯ ಅರ್ಧ ಉದ್ದ ಹೆಚ್ಚಾದ ಮೇಲೆ, ಅಂದರೆ ಎರಡೂವರೆ ಮೀಟರಿನ ಕ್ಯಾಬಿನ್ನಿನಲ್ಲಿ ಸುಮಾರು 69 ಹರ್ಟ್ಜ್‌ಗಿಂತ ಕೆಳಗೆ, ಇಡೀ ಕಾರಿನೊಳಗಿನ ಗಾಳಿ ಒಟ್ಟಾಗಿ ಒತ್ತಡಕ್ಕೆ ಒಳಗಾಗಿ ಶಬ್ದ ತಾನಾಗಿ ಏರುತ್ತದೆ. ಸೀಲ್ಡ್ ಪೆಟ್ಟಿಗೆ ಪ್ರತಿ ಸಪ್ತಕಕ್ಕೆ 12 ಡೆಸಿಬೆಲ್ ಇಳಿದರೆ, ಸಿದ್ಧಾಂತದ ಪ್ರಕಾರ ಕಾರು ಹೆಚ್ಚುಕಡಿಮೆ ಅಷ್ಟನ್ನೇ ಮರಳಿ ಕೊಡುತ್ತದೆ. ಬಾಗಿಲ ತಗಡು ಬಾಗುವುದರಿಂದ, ಸಂದುಗಳಲ್ಲಿ ಗಾಳಿ ಸೋರುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಕಡಿಮೆ ಸಿಗುತ್ತದೆ, ಆದರೂ ಸಾಕಷ್ಟು ಸಿಗುತ್ತದೆ. ಹಾಡು ನಡೆಯುತ್ತಿರುವಾಗ ಕಿಟಕಿಗಳನ್ನು ಪೂರ್ತಿ ಇಳಿಸಿದರೆ ಆಳದ ನಾದ ಕುಸಿಯುವುದನ್ನು ಯಾರೂ ಕೇಳಿ ತಿಳಿಯಬಹುದು.

ಪೆಟ್ಟಿಗೆಗೆ 18 ಮಿಲಿಮೀಟರಿನ ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ, ಹಲಗೆ ತಂದೆ. ಸ್ಪೀಕರ್ ಕೂರುವ ಮುಂಭಾಗಕ್ಕೆ ಎರಡು ಪದರ. ಒಳ ಅಳತೆ 47, 33 ಮತ್ತು 20 ಸೆಂಟಿಮೀಟರ್, ಅಂದರೆ 31 ಲೀಟರ್. ಅದರಲ್ಲಿ ಸ್ಪೀಕರಿನ ಬೆನ್ನಿಗೆ ಎರಡು, ನಡುವಿನ ಆಧಾರಪಟ್ಟಿಗೆ ಒಂದು ಕಳೆದರೆ ಉಳಿಯುವುದು 28. ಈ ಕಳೆಯುವಿಕೆಯನ್ನು ಮರೆತವರ ಪೆಟ್ಟಿಗೆ ಸದಾ ಸಣ್ಣದಾಗುತ್ತದೆ. ಹೊರ ಅಳತೆಯಲ್ಲಿ 47 ಲೀಟರ್ ಆಯಿತು. ಬಡಗಿಯ ಬಳಿ, ‘ಆಚಾರ್ರೇ, ಒಂದು ಕೂದಲೆಳೆಯಷ್ಟು ಗಾಳಿಯೂ ಆಚೆ ಹೋಗಬಾರದು’ ಎಂದಾಗ ಅವರು, ‘ಸಾರ್, ನೀರಿನ ತೊಟ್ಟಿ ಮಾಡಿದ ಹಾಗೆ ಮಾಡ್ತೀನಿ ಬಿಡಿ’ ಎಂದರು. ಹಾಗೆಯೇ ಪ್ರತಿ ಕೀಲಿಗೂ ಅಂಟು, ಸ್ಕ್ರೂ, ಒಳಗಿನಿಂದ ಸಿಲಿಕಾನ್ ಕೊಟ್ಟರು. ಎಂಡಿಎಫ್ ತೇವ ಕುಡಿದು ಉಬ್ಬುವುದರಿಂದ ಅಂಚುಗಳಿಗೆ ಪ್ರೈಮರ್ ಬಳಿದ ಮೇಲೆಯೇ ಕಾರ್ಪೆಟ್ ಹೊದಿಸಿದೆ. ಕರಾವಳಿಯಲ್ಲಿರುವವರು ಎಂಡಿಎಫ್ ಬದಲು ನೀರು ತಾಳುವ ಪ್ಲೈವುಡ್ ಹಾಕಿಸುವುದು ಒಳ್ಳೆಯದು.

ಆಂಪ್ಲಿಫೈಯರ್ ವಿಷಯದಲ್ಲಿ ಹೇಳಬೇಕಾದದ್ದು ಸುರಕ್ಷತೆಯ ಮಾತು. ಸ್ಪೀಕರಿನಲ್ಲಿರುವ ತಲಾ ನಾಲ್ಕು ಓಮ್‌ನ ಎರಡು ಸುರುಳಿಗಳನ್ನು ಸಮಾಂತರವಾಗಿ ಜೋಡಿಸಿ ಎರಡು ಓಮ್ ಮಾಡಿದೆ, ಅದಕ್ಕೆ 300 ವ್ಯಾಟಿನ ಮೊನೊ ಆಂಪ್ಲಿಫೈಯರ್. ಪೂರ್ಣ ಶಕ್ತಿಯಲ್ಲಿ ಅದು ಸುಮಾರು 27 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಬರುವ ತಂತಿ ಅಪ್ಪಟ ತಾಮ್ರದ್ದೇ ಆಗಿರಬೇಕು, ಮತ್ತು ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಲೇಬೇಕು. ನಾನು 40 ಆಂಪಿಯರಿನದು ಹಾಕಿದೆ. ಹಳೆಯ ಅಳವಡಿಕೆಯಲ್ಲಿ ಫ್ಯೂಸ್ ಡಿಕ್ಕಿಯಲ್ಲಿತ್ತು. ದಾರಿಯಲ್ಲಿ ಎಲ್ಲಿಯಾದರೂ ತಂತಿ ಸವೆದು ತಗಡಿಗೆ ತಾಗಿದ್ದರೆ ಬೆಂಕಿಯನ್ನು ತಡೆಯುವುದೇನೂ ಇರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಆಂಪ್ಲಿಫೈಯರ್ ನಾದವನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು, ಅಂದರೆ ಗೇನ್, ಹೊಂದಿಸಲು ಸ್ಪೀಕರ್ ತೆಗೆದು, 50 ಹರ್ಟ್ಜ್‌ನ ಪರೀಕ್ಷಾ ನಾದ ನುಡಿಸಿ, ಮಲ್ಟಿಮೀಟರಿನಲ್ಲಿ 24.5 ವೋಲ್ಟ್ ತೋರುವವರೆಗೆ ತಿರುಗಿಸಿದೆ. 300ನ್ನು ಎರಡು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಸಿಗುವ ಸಂಖ್ಯೆ ಅದೇ.

ಪೆಟ್ಟಿಗೆಯನ್ನು ಸೀಟಿನ ಕಡೆಗೆ, ಮೇಲ್ಮುಖವಾಗಿ, ಹಿಂಬಾಗಿಲಿನ ಕಡೆಗೆ ಹೀಗೆ ಮೂರು ರೀತಿಯಲ್ಲಿ ಇಟ್ಟು ಕೇಳಿದೆ. ಹಿಂಬಾಗಿಲಿನ ಕಡೆಗೆ ಮುಖ ಮಾಡಿದಾಗ ನನ್ನ ಕಾರಿನಲ್ಲಿ ನಾದ ಅತ್ಯಂತ ತುಂಬಿಕೊಂಡು ಬಂತು. ಮೇಲಿನ ನಾದವನ್ನು ತಡೆದು ಕೆಳಗಿನದನ್ನಷ್ಟೇ ಬಿಡುವ ಲೋ ಪಾಸ್ ಫಿಲ್ಟರನ್ನು 70 ಹರ್ಟ್ಜ್‌ಗೆ ಇಳಿಸಿ, ಕೋನಿನ ಚಲನೆಯ ದಿಕ್ಕನ್ನು ತಿರುವು ಮಾಡುವ ಫೇಸ್ ಸ್ವಿಚ್ಚನ್ನು ತಿರುಗಿಸಿ ನೋಡಿದ ಮೇಲೆ ನಾದ ಡಿಕ್ಕಿಯಿಂದಲ್ಲದೆ ಡ್ಯಾಶ್‌ಬೋರ್ಡಿನಿಂದ ಬಂದಂತೆ ಕೇಳತೊಡಗಿತು. ಸ್ಪೀಕರ್ ಸೇರಿ ಹತ್ತೊಂಬತ್ತು ಕಿಲೋ ತೂಗುವ ಪೆಟ್ಟಿಗೆ ಜೋರಾಗಿ ಬ್ರೇಕ್ ಹಾಕಿದಾಗ ಮುಂದೆ ಹಾರದಂತೆ ಸೀಟಿನ ಹಿಂದಿನ ಕೊಕ್ಕೆಗೆ ಪಟ್ಟಿಯಿಂದ ಬಿಗಿದಿದ್ದೇನೆ, ಸ್ಟೆಪ್ನಿ ತೆಗೆಯಬೇಕಾದಾಗ ಎರಡು ಬಕಲ್ ಬಿಚ್ಚಿದರೆ ಸಾಕು. ಹಿಂದಿನ ನಂಬರ್ ಪ್ಲೇಟಿಗೆ ಫೋಮ್ ಅಂಟಿಸಿದ ಮೇಲೆ ಗಡಗಡ ಶಬ್ದವೂ ನಿಂತಿತು.

ಮೂರು ತಿಂಗಳ ಬಳಿಕ, ಮಳೆಗಾಲದಲ್ಲಿ, ಗುಮ್ಕಿ ಮತ್ತೆ ಸ್ವಲ್ಪ ಸಡಿಲವಾದಂತೆ ಕೇಳಿತು. ಕೋನನ್ನು ಬೆರಳುಗಳಿಂದ ಮೆಲ್ಲನೆ ಒತ್ತಿ ಬಿಟ್ಟರೆ ಅದು ನಿಧಾನವಾಗಿ ಮರಳಬೇಕು, ಥಟ್ಟನೆ ಮರಳುತ್ತಿತ್ತು. ಒದ್ದೆ ಕೈಯನ್ನು ಕೀಲುಗಳ ಬಳಿ ಹಿಡಿದು ನೋಡಿದಾಗ ತಂತಿ ಸಿಕ್ಕಿಸುವ ಟರ್ಮಿನಲ್ ಬಟ್ಟಲಿನ ಅಂಚಿನಿಂದ ಗಾಳಿ ಬರುತ್ತಿತ್ತು. ಅದನ್ನು ಬಿಚ್ಚಿ, ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿದೆ. ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅದೇ ಕಛೇರಿಯನ್ನು ಹಾಕಿದೆ. ತಾಳವಾದ್ಯವಷ್ಟೇ ನುಡಿಯುವ ತನಿ ಆವರ್ತನದಲ್ಲಿ ಮೃದಂಗ ವಾದಕರ ಎಡಗೈ ಮಣಿಕಟ್ಟು ಒತ್ತಿ ನಾದವನ್ನು ಮೇಲಕ್ಕೆಳೆದದ್ದು ಎಳೆಯೆಳೆಯಾಗಿ ಕೇಳಿತು.