ಈ ಸುದ್ದಿಯನ್ನು ಮೊದಲು ಹೇಳಿದ್ದು ಯಾರು? ಪತ್ರಿಕೆ ಮತ್ತು ತಾರೆಯರ ಪೇಜ್ ಅಧ್ಯಯನ ಮಾಡುವ ಬಗೆ

ರಾತ್ರಿ ಒಂಬತ್ತೂವರೆಗೆ ನಟಿಯೊಬ್ಬರು ಇನ್‌ಸ್ಟಾಗ್ರಾಮ್‌ನಲ್ಲಿ ನಿಶ್ಚಿತಾರ್ಥದ ಫೋಟೊ ಹಾಕುತ್ತಾರೆ. ಹತ್ತು ಗಂಟೆ ಹೊತ್ತಿಗೆ ಅದೇ ಫೋಟೊ ನಾಲ್ಕಾರು ವೆಬ್‌ಸೈಟ್‌ಗಳಲ್ಲಿ ಇರುತ್ತದೆ. ಬೆಳಿಗ್ಗೆ ಪತ್ರಿಕೆಯ ಸಿನಿಮಾ ಪುಟ ತೆಗೆದರೆ ಅಲ್ಲೂ ಅದೇ ಫೋಟೊ, ಪಕ್ಕದಲ್ಲಿ ಅವರೇ ಬರೆದುಕೊಂಡಿದ್ದ ಎರಡು ಸಾಲು. ವರದಿಗಾರರು ಒಂದು ಫೋನ್ ಮಾಡಿ ಕೇಳಿದ ಗುರುತು ಮಾತ್ರ ಎಲ್ಲೂ ಕಾಣುವುದಿಲ್ಲ.

ಪತ್ರಿಕೋದ್ಯಮ ಓದುವ ಮಕ್ಕಳು 'ಪತ್ರಿಕೆಗಳು ಮತ್ತು ತಾರೆಯರ ಆನ್‌ಲೈನ್ ಮಾಧ್ಯಮ' ಅನ್ನೋ ವಿಷಯವನ್ನು ಪ್ರಾಜೆಕ್ಟ್‌ಗೆ ತೆಗೆದುಕೊಂಡಾಗ, ಪತ್ರಿಕೆ ಗಂಭೀರ, ಆನ್‌ಲೈನ್ ಹಗುರ ಅಂತ ಬರೆದು ಮುಗಿಸಿಬಿಡುತ್ತಾರೆ. ಅಷ್ಟು ಹೇಳೋಕೆ ಅಧ್ಯಯನ ಯಾಕೆ ಬೇಕು? ನನ್ನ ಪ್ರಕಾರ ಇಡೀ ಕೆಲಸ ಒಂದು ಪ್ರಶ್ನೆಯ ಸುತ್ತ ನಿಲ್ಲಬೇಕು. ಈ ಮಾತನ್ನು ಮೊದಲು ಹೇಳಿದ್ದು ಯಾರು, ನಮ್ಮವರೆಗೆ ಬರುವಾಗ ಅದು ಯಾರ್ಯಾರ ಕೈ ದಾಟಿತು? ಈ ಪ್ರಶ್ನೆ ಕೈಯಲ್ಲಿದ್ದರೆ ಮುಂದಿನ ಹೆಜ್ಜೆಗಳು ಸುಲಭ.

ಮೊದಲು ವಿಷಯ ಚಿಕ್ಕದು ಮಾಡಿ

'ಕನ್ನಡ ಪತ್ರಿಕೆಗಳಲ್ಲಿ ಸಿನಿಮಾ ತಾರೆಯರು' ಅಂದರೆ ಒಂದು ಸೆಮಿಸ್ಟರ್ ಸಾಲದು. ಎರಡು ಪತ್ರಿಕೆ, ಒಬ್ಬರು ತಾರೆ, ಒಂದು ಘಟನೆ ಸಾಕು. ನನ್ನನ್ನು ಕೇಳಿದರೆ ಒಂದು ಜೋಡಿ ದಿನ ಹೇಳುತ್ತೇನೆ: 2006ರ ಏಪ್ರಿಲ್ 13 ಮತ್ತು 2021ರ ಅಕ್ಟೋಬರ್ 30.

ಡಾ. ರಾಜ್‌ಕುಮಾರ್ ತೀರಿಕೊಂಡಿದ್ದು 2006ರ ಏಪ್ರಿಲ್ 12ರಂದು. ಆಗ ಫೇಸ್‌ಬುಕ್ ಎಲ್ಲರಿಗೂ ತೆರೆದಿರಲಿಲ್ಲ. ಟ್ವಿಟರ್ ಜನರ ಕೈಗೆ ಬರಲು ಇನ್ನೂ ಮೂರು ತಿಂಗಳಿತ್ತು. ಇನ್‌ಸ್ಟಾಗ್ರಾಮ್ ಬಂದಿದ್ದು 2010ರಲ್ಲಿ. ಪುನೀತ್ ರಾಜ್‌ಕುಮಾರ್ ತೀರಿಕೊಂಡ 2021ರ ಅಕ್ಟೋಬರ್ 29ರ ಕತೆ ಬೇರೆ. ಅಂದು ಶುಕ್ರವಾರ. ಅಣ್ಣ ಶಿವರಾಜ್‌ಕುಮಾರ್ ಅವರ ಸಿನಿಮಾ ಅಂದೇ ಬಿಡುಗಡೆಯಾಗಿತ್ತು. ಬೆಳಿಗ್ಗೆ ಆ ತಂಡಕ್ಕೆ ಶುಭ ಕೋರಿ ಪುನೀತ್ ಟ್ವೀಟ್ ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರೇ ಇರಲಿಲ್ಲ. ಪ್ರಧಾನಿಯಿಂದ ಹಿಡಿದು ಸಹನಟರವರೆಗೆ ಎಷ್ಟೋ ಜನ ಸಂತಾಪ ಹೇಳಿದ್ದೂ ಟ್ವೀಟ್‌ನಲ್ಲೇ.

ಅಪ್ಪ, ಮಗ ಇಬ್ಬರೂ ಕಣ್ಣು ದಾನ ಮಾಡಿದವರು. ಇಬ್ಬರನ್ನೂ ಮಣ್ಣು ಮಾಡಿದ್ದು ಕಂಠೀರವ ಸ್ಟುಡಿಯೋದಲ್ಲೇ. ಆದರೆ ಆ ಎರಡು ದಿನಗಳ ನಡುವೆ ಸುದ್ದಿ ಹರಿಯುವ ದಾರಿಯೇ ಬದಲಾಗಿತ್ತು. ಮರುದಿನದ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವರದಿಗಾರರು ಕಣ್ಣಾರೆ ಕಂಡಿದ್ದೆಷ್ಟು, ವೈದ್ಯರು ಮತ್ತು ಮನೆಯವರು ಹೇಳಿದ್ದೆಷ್ಟು, ಪರದೆಯಿಂದ ಎತ್ತಿಕೊಂಡಿದ್ದೆಷ್ಟು ಅಂತ ಬೇರೆ ಮಾಡಬಹುದು. ಒಂದು ಎಚ್ಚರ ಇರಲಿ. 2006ರಲ್ಲಿ ಅಂತಿಮಯಾತ್ರೆ ವೇಳೆ ಗಲಭೆ ನಡೆದು ಜೀವಹಾನಿಯೂ ಆಗಿತ್ತು. ಏಪ್ರಿಲ್ 14ರ ಪತ್ರಿಕೆಯನ್ನೂ ಸೇರಿಸಿಕೊಳ್ಳುವುದಾದರೆ ತಾರೆಯ ಸುದ್ದಿ ಮತ್ತು ಗಲಭೆಯ ಸುದ್ದಿಯನ್ನು ಬೇರೆ ಬೇರೆ ಲೆಕ್ಕ ಹಾಕಬೇಕು.

ಸಾವಿನ ಸುದ್ದಿ ಬೇಡ, ದಿನನಿತ್ಯದ ಸಿನಿಮಾ ಪುಟ ನೋಡೋಣ ಅಂದರೆ ಸತತ ಏಳು ದಿನ ತೆಗೆದುಕೊಳ್ಳಬೇಡಿ. ಆ ವಾರ ದೊಡ್ಡ ಸಿನಿಮಾ ಬಿಡುಗಡೆಯಾದರೆ ಲೆಕ್ಕವೇ ಓರೆಯಾಗುತ್ತದೆ. ಮೊದಲ ವಾರದ ಸೋಮವಾರ, ಎರಡನೇ ವಾರದ ಮಂಗಳವಾರ, ಮೂರನೇ ವಾರದ ಬುಧವಾರ, ಹೀಗೆ ಏಳು ವಾರಗಳಿಂದ ಏಳು ದಿನ ಆರಿಸಿ.

ಕೂಡಿಡುವಾಗ

ಪತ್ರಿಕೆಯ ಹೆಸರಿನ ಜೊತೆ ಆವೃತ್ತಿ ಬರೆಯಿರಿ. ಬೆಂಗಳೂರು ಆವೃತ್ತಿಯಲ್ಲಿ ಮುಖಪುಟದಲ್ಲಿದ್ದ ಸುದ್ದಿ ಕಲಬುರಗಿ ಆವೃತ್ತಿಯಲ್ಲಿ ಒಳಪುಟದಲ್ಲಿರಬಹುದು. ಪೋಸ್ಟ್‌ಗಳ ಸ್ಕ್ರೀನ್‌ಶಾಟ್ ತೆಗೆಯುವಾಗ ದಿನಾಂಕ, ಗಂಟೆ, ನಿಮಿಷ ಕಾಣಲಿ. ವೆಬ್‌ಸೈಟ್‌ನವರು ಶೀರ್ಷಿಕೆಯನ್ನು ಆಮೇಲೆ ಸದ್ದಿಲ್ಲದೆ ಬದಲಿಸುವುದುಂಟು. ಅದಕ್ಕೇ ಆ ಪುಟವನ್ನು ಅಂದೇ, ಹಳೆಯ ವೆಬ್ ಪುಟಗಳನ್ನು ಕಾದಿಡುವ ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಿಡಿ. ನನ್ನ ಮೊದಲ ಪ್ರಾಜೆಕ್ಟ್‌ನಲ್ಲಿ ನಾನು ಗಂಟೆ ಬರೆದುಕೊಂಡಿರಲಿಲ್ಲ. ಯಾರು ಮೊದಲು, ಯಾರು ಆಮೇಲೆ ಅಂತ ಹೇಳಲಾಗದೆ ಎರಡು ತಿಂಗಳ ಕೆಲಸ ಅರ್ಧ ಹಾಳಾಯಿತು.

ಸ್ಕೇಲ್ ಹಿಡಿದು ಅಳೆಯಿರಿ

ಪತ್ರಿಕೆಯನ್ನು ನೆಲದ ಮೇಲೆ ಹರಡಿಕೊಳ್ಳಿ. ಸುದ್ದಿ ನಾಲ್ಕು ಕಾಲಂ ಅಗಲ, 15 ಸೆಂಟಿಮೀಟರ್ ಎತ್ತರ ಇದ್ದರೆ ಅದು 60 ಕಾಲಂ ಸೆಂಟಿಮೀಟರ್. ಜಾಹೀರಾತು ವಿಭಾಗದವರು ಜಾಗದ ಬೆಲೆ ಹಾಕುವುದೂ ಇದೇ ಲೆಕ್ಕದಲ್ಲಿ. ಫೋಟೊ ಜಾಗವನ್ನು ಬೇರೆ ಬರೆಯಿರಿ. ಫೋಟೊ 40, ಅಕ್ಷರ 20 ಅಂತ ಬಂದರೆ ಅದೇ ಒಂದು ಸುಳಿವು. ಇ-ಪೇಪರ್ ಆದರೆ ಸ್ಕೇಲ್ ಇಡಬೇಡಿ, ಝೂಮ್ ಮಾಡಿದಂತೆ ಅಳತೆ ಬದಲಾಗುತ್ತದೆ. ಪುಟದಲ್ಲಿ ಶೇಕಡ ಎಷ್ಟು ಅಂತ ಲೆಕ್ಕ ಹಾಕಿ.

ಈಗ ಒಂದು ಕೋಷ್ಟಕ ಮಾಡಿ. ದಿನಾಂಕ, ಪುಟ, ಜಾಗ, ಬೈಲೈನ್ (ಬರೆದವರ ಹೆಸರು) ಇದೆಯಾ, ಫೋಟೊ ಯಾರದು, ಮಾತಿನ ಮೂಲ ಏನು. ಮೂಲದ ಕಾಲಂ ಎಲ್ಲಕ್ಕಿಂತ ಮುಖ್ಯ. ವರದಿಗಾರರ ಸಂದರ್ಶನ, ಪತ್ರಿಕಾಗೋಷ್ಠಿ, ಸಿನಿಮಾ ತಂಡ ಕಳಿಸಿದ ಪ್ರಕಟಣೆ, ತಾರೆಯ ಸ್ವಂತ ಪೋಸ್ಟ್, ಹೆಸರಿಲ್ಲದ ಮೂಲ. ಈ ಐದರಲ್ಲಿ ಒಂದಕ್ಕೆ ಟಿಕ್ ಹಾಕಿ. ಹತ್ತು ಸುದ್ದಿಗಳನ್ನು ಗೆಳೆಯರೊಬ್ಬರಿಗೂ ಕೊಟ್ಟು, ನಿಮ್ಮ ಟಿಕ್ ತೋರಿಸದೆ ಅವರ ಕೈಲೂ ಹಾಕಿಸಿ. ಹತ್ತರಲ್ಲಿ ಐದು ತಾಳೆಯಾಗದಿದ್ದರೆ ನಿಮ್ಮ ವಿಂಗಡಣೆಯೇ ಸರಿಯಿಲ್ಲ ಅಂತ ಅರ್ಥ. ತಿದ್ದಿಕೊಂಡು ಮತ್ತೆ ಶುರು ಮಾಡಿ.

ಕ್ರಿಯಾಪದದ ಬಾಲ ನೋಡಿ

ನನಗೆ ತುಂಬಾ ಇಷ್ಟವಾದ ಹೆಜ್ಜೆ ಇದು. ಇಂಗ್ಲಿಷ್‌ನಲ್ಲಿ ಓದಿದ ಮಾಧ್ಯಮ ಸಿದ್ಧಾಂತ ಇದನ್ನು ನಿಮಗೆ ಹೇಳಿಕೊಡುವುದಿಲ್ಲ. ಕನ್ನಡದಲ್ಲಿ ಒಬ್ಬರ ಬಗ್ಗೆ ಬರೆದ ಕೂಡಲೇ ಅವರಿಗೆ ಎಷ್ಟು ಮರ್ಯಾದೆ ಕೊಟ್ಟಿದ್ದೀವಿ ಅನ್ನೋದು ಕ್ರಿಯಾಪದದಲ್ಲಿ ಗೊತ್ತಾಗಿಬಿಡುತ್ತದೆ, ಅಲ್ವಾ? ನಟ 'ಹೇಳಿದ್ದಾರೆ', ನಟಿ 'ಹೇಳಿದ್ದಾಳೆ'. ಒಂದೇ ವೆಬ್‌ಸೈಟ್, ಒಂದೇ ದಿನ ಇಬ್ಬರನ್ನೂ ಹೇಗೆ ಕರೆದಿದೆ, ಎಣಿಸಿ.

ಶೀರ್ಷಿಕೆ ಇನ್ನೂ ಜಾಣತನದ್ದು. 'ವೇದಿಕೆ ಮೇಲೆ ಕಣ್ಣೀರಿಟ್ಟ ನಟಿ' ಅಂತ ಬರೆದರೆ ಬಹುವಚನವೂ ಇಲ್ಲ, ಏಕವಚನವೂ ಇಲ್ಲ. ಮರ್ಯಾದೆಯ ಪ್ರಶ್ನೆಯೇ ಏಳದಂತೆ ವಾಕ್ಯ ನಿಂತುಬಿಡುತ್ತದೆ. ಒಳಗಿನ ಸುದ್ದಿಯಲ್ಲಿ ಅದೇ ನಟಿ 'ಭಾವುಕರಾದರು' ಆಗಿರುತ್ತಾರೆ. ಹಾಗಾಗಿ ಶೀರ್ಷಿಕೆಯನ್ನೂ ಒಳಗಿನ ಸುದ್ದಿಯನ್ನೂ ಬೇರೆ ಬೇರೆ ಎಣಿಸಿ.

ಹೆಸರುಗಳನ್ನೂ ಬರೆದುಕೊಳ್ಳಿ. ಪುನೀತ್ ರಾಜ್‌ಕುಮಾರ್, ಪುನೀತ್, ಅಪ್ಪು. ಯಾವ ಪುಟದಲ್ಲಿ ಯಾವುದು? 'ಅಪ್ಪು' ಅಂದಾಗ ಬರೆಯುವವರು ಪತ್ರಕರ್ತರ ಜಾಗದಿಂದ ಮನೆಯವರ ಜಾಗಕ್ಕೆ ಬಂದಿರುತ್ತಾರೆ. ಪರದೆ ಮೇಲಿನವರ ಜೊತೆ ನೋಡುಗರು ಬೆಳೆಸಿಕೊಳ್ಳುವ ಏಕಮುಖ ಒಡನಾಟಕ್ಕೆ ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಪ್ಯಾರಾಸೋಷಿಯಲ್ ಅಂತ ಹೆಸರಿಟ್ಟರು. ಅದನ್ನು ಸುಮ್ನೆ ಒಂದು ಅಧ್ಯಾಯವಾಗಿ ತುಂಬಿಸಬೇಡಿ. ಅಭಿಮಾನಿಗಳನ್ನು ರಾಜ್‌ಕುಮಾರ್ 'ಅಭಿಮಾನಿ ದೇವರುಗಳೇ' ಅಂತ ಕರೆಯುತ್ತಿದ್ದರು. ಜನ ಅವರನ್ನು 'ಅಣ್ಣಾವ್ರು' ಅನ್ನುತ್ತಿದ್ದರು. ಆ ಮಾತು ವೇದಿಕೆಯಿಂದ ಪತ್ರಿಕೆಗೆ ಹೇಗೆ ಇಳಿಯಿತು, ಈಗ ತಾರೆಯರ ಪೇಜ್‌ನಲ್ಲಿ ಯಾವ ರೂಪದಲ್ಲಿದೆ ಅನ್ನೋದಕ್ಕೆ ಈ ಸಿದ್ಧಾಂತ ಬಳಸಿ.

'ಎನ್ನಲಾಗಿದೆ' ಎಷ್ಟು ಸಲ ಬಂದಿದೆ ಅಂತಲೂ ನೋಡಿ. 'ಮೂಲಗಳು ತಿಳಿಸಿವೆ', 'ಗಾಂಧಿನಗರದಲ್ಲಿ ಗುಸುಗುಸು' ಇವೂ ಅದೇ ಜಾತಿಯವು. ಅನ್ನುವವರು ಯಾರು ಅಂತ ಹುಡುಕಿದರೆ ಯಾರೂ ಸಿಗುವುದಿಲ್ಲ.

ದುಡ್ಡಿನ ಗುರುತು

ಪತ್ರಿಕೆಯಲ್ಲಿ 'ಜಾಹೀರಾತು' ಅಥವಾ 'ಅಡ್ವಟೋರಿಯಲ್' (ಸುದ್ದಿಯಂತೆ ಕಾಣುವ ಜಾಹೀರಾತು) ಅನ್ನೋ ಸಣ್ಣ ಅಕ್ಷರ ಮೂಲೆಯಲ್ಲಿರುತ್ತದೆ, ಹುಡುಕಿ. ತಾರೆಯರ ಪೋಸ್ಟ್‌ಗೂ ನಿಯಮ ಇದೆ. ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿವೆ. ದುಡ್ಡು ಪಡೆದರೆ ಮಾತ್ರವಲ್ಲ, ಉಡುಗೊರೆ ಅಥವಾ ಬಿಟ್ಟಿ ಪ್ರವಾಸ ಪಡೆದು ಹೊಗಳಿದರೂ ಅದನ್ನು ಎದ್ದು ಕಾಣುವಂತೆ ಹೇಳಬೇಕು. ನೀವು ಆರಿಸಿದ ಪೇಜ್‌ನಲ್ಲಿ ಆ ಗುರುತು ಮೊದಲ ಸಾಲಿನಲ್ಲಿದೆಯಾ, ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತಿದೆಯಾ, ಬರೆದಿಡಿ.

ಕಾಮೆಂಟ್‌ಗಳು

ಐವತ್ತು ಸಾಕು. ಮೇಲಿನ ಐವತ್ತನ್ನೇ ಎತ್ತಿಕೊಳ್ಳಬೇಡಿ, ಅವನ್ನು ಮೇಲೆ ತರುವುದು ಆ್ಯಪ್. ಬರೆದವರ ಹೆಸರು, ಫೋಟೊ ನಿಮ್ಮ ಪ್ರಬಂಧದಲ್ಲಿ ಬರಬಾರದು. ಅವರು ತಾರೆಯರಲ್ಲ, ನಮ್ಮ ನಿಮ್ಮಂಥವರು.

ಕೊನೆಗೆ ಡೆಸ್ಕ್‌ಗೆ ಹೋಗಿ

ಕೋಷ್ಟಕ ಮುಗಿದ ಮೇಲೆ ಹೋಗಿ, ಮೊದಲೇ ಬೇಡ. ಸಿನಿಮಾ ಪುಟ ನೋಡಿಕೊಳ್ಳುವ ಉಪಸಂಪಾದಕರಿಗೆ ಮಧ್ಯಾಹ್ನ ಫೋನ್ ಮಾಡಿ ಸಮಯ ಕೇಳಿ, ರಾತ್ರಿ ಪುಟ ಕಟ್ಟುವ ಹೊತ್ತಲ್ಲಿ ಹೋಗಬೇಡಿ. 'ಆನ್‌ಲೈನ್ ಬಗ್ಗೆ ನಿಮ್ಮ ಅಭಿಪ್ರಾಯವೇನು ಸಾರ್' ಅಂತ ಕೇಳಿದರೆ ಎಲ್ಲರೂ ಹೇಳುವ ಉತ್ತರವೇ ಸಿಗುತ್ತದೆ. ಅದರ ಬದಲು ನಿಮ್ಮ ಕೋಷ್ಟಕದ ಒಂದು ಸಾಲು ತೋರಿಸಿ. 'ಈ ಫೋಟೊ ಒಂಬತ್ತೂವರೆಗೆ ಅವರ ಪೇಜ್‌ನಲ್ಲಿ ಬಂದಿತ್ತು. ಪುಟ ಹೋಗುವ ಮುಂಚೆ ಅವರಿಗೆ ಫೋನ್ ಮಾಡೋಕೆ ಟೈಮ್ ಇತ್ತಾ?' ಅಂತ ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಲ್ಲಿ ಬರೆದುಕೊಂಡು, ಆ ಸಾಲಿನ ಪಕ್ಕದಲ್ಲೇ ಸೇರಿಸಿ.